ಓದಿದ್ದೆಂದು ಭಾವಿಸಲಾಗಿದೆ

ನಮ್ಮ ಪುರಸಭೆಯ ನಡಾವಳಿ ಪುಸ್ತಕಗಳಲ್ಲಿ ಇಪ್ಪತ್ತಾರು ವರ್ಷಗಳಷ್ಟು ಮಾತು ನನ್ನ ಕೈಬರಹದಲ್ಲಿದೆ. ಅದರಲ್ಲಿ ನಾನು ಆಡಿದ ಮಾತು ಒಂದೂ ಇಲ್ಲ. ಬರೆದದ್ದನ್ನು ಓದಿ ಹೇಳುವುದು ಬಿಟ್ಟರೆ, ನಡಾವಳಿ ಬರೆಯುವ ಗುಮಾಸ್ತ ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಸದಸ್ಯರು ಆಡಿದ್ದನ್ನು ಬರೆದುಕೊಳ್ಳಬೇಕು, ಅಷ್ಟೇ. ಆದರೆ ಆಡಿದ್ದನ್ನು ಆಡಿದ ಹಾಗೇ ಬರೆದರೆ ಯಾರ ಮಾನವೂ ಉಳಿಯುವುದಿಲ್ಲ. ಒಬ್ಬರು ಎದ್ದು ನಿಂತು, ಇಷ್ಟು ದಿನ ಏನು ಕತ್ತೆ ಕಾಯ್ತಿದ್ರಾ ಎಂದು ಕೂಗಿದರೆ, 'ಮಾನ್ಯ ಸದಸ್ಯರು ಕಾಮಗಾರಿಯ ವಿಳಂಬದ ಬಗ್ಗೆ ವಿಷಾದ ವ್ಯಕ್ತಪಡಿಸಿದರು' ಎಂದು ನಾನು ಬರೆಯುತ್ತೇನೆ. ಇದರಲ್ಲಿ ನನ್ನದು ಎತ್ತಿದ ಕೈ. ಊರಿನಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ನಡಾವಳಿ. ಅದರ ಬಗ್ಗೆ ನನಗೆ ಜಂಬವಿತ್ತು. ಈಗಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಆ ಜಂಬದಿಂದಲೇ ಆದದ್ದು.

ಕೆಲಸದ ರೀತಿ ಹೀಗೆ. ಸಭೆ ನಡೆಯುವಾಗ ಕಚ್ಚಾ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುವುದು. ಮರುದಿನ ದೊಡ್ಡ ಪುಸ್ತಕದಲ್ಲಿ ಶಾಯಿಯಿಂದ ಶುದ್ಧ ಪ್ರತಿ ಬರೆಯುವುದು. ಮುಂದಿನ ತಿಂಗಳ ಸಭೆಯಲ್ಲಿ ಅದನ್ನು ಓದಿ ಹೇಳಿ, ಸದಸ್ಯರು ಸರಿಯೆಂದರೆ ಅಧ್ಯಕ್ಷರ ಸಹಿ ಹಾಕಿಸುವುದು. ಸಹಿ ಬಿದ್ದ ಮೇಲೆ ಕಚ್ಚಾ ಹಾಳೆಗಳನ್ನು ಹರಿದು ಹಾಕಬೇಕು ಎಂದು ನಿಯಮ. ನಾನು ಹರಿಯುತ್ತಿರಲಿಲ್ಲ. ಅಕ್ಕ ಅವನ್ನು ಅಡುಗೆಮನೆಯ ಕಪಾಟಿನಲ್ಲಿ ಡಬ್ಬಗಳ ಕೆಳಗೆ ಹಾಸಲು ಕೇಳುತ್ತಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ, ಶಾಲೆಯಲ್ಲಿ ಟೀಚರಾಗಿದ್ದವಳು. ಅವಳು ಕೇಳಿದ ಮೇಲೆ ನಿಯಮ ಗಿಯಮ ಎಂದರೆ ನಡೆಯುವುದಿಲ್ಲ.

ನರ್ಸಮ್ಮ ಏಳನೇ ವಾರ್ಡಿನ ಸದಸ್ಯೆ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ಮೇಲೆ ಚುನಾವಣೆಗೆ ನಿಂತರು. ನಿಮ್ಮಲ್ಲಿ ಅರ್ಧ ಜನರನ್ನು ತಲೆ ಹಿಡಿದು ಈಚೆ ತಂದವಳು ನಾನು, ಈಗ ನನ್ನನ್ನು ಒಳಗೆ ಕಳಿಸಿ ಎಂದು ಬೀದಿ ಬೀದಿಯಲ್ಲಿ ಹೇಳಿ ಗೆದ್ದರು. ಸಭೆಯಲ್ಲಿ ಅವರದು ಎರಡು ಹಟ. ಒಂದು, ಹಿಂದಿನ ನಡಾವಳಿಯನ್ನು ಪೂರ್ತಿ ಓದಿಸಲೇಬೇಕು. ಬೇರೆ ಎಲ್ಲರಿಗೂ ಅದು ಬೇಸರದ ಕೆಲಸ. ಅವರು 'ಓದಿದ್ದೆಂದು ಭಾವಿಸಲಾಗಿದೆ' ಎಂಬ ಒಂದು ಸಾಲಿನಲ್ಲಿ ಅದನ್ನು ಮುಗಿಸಿ ಚಹಾ ತರಿಸಲು ಕಾಯುತ್ತಿದ್ದರು. ನರ್ಸಮ್ಮ ಮಾತ್ರ ಜಗ್ಗುತ್ತಿರಲಿಲ್ಲ. ಓದದೇ ಇರುವುದನ್ನು ಓದಿದೆ ಅಂತ ಭಾವಿಸೋದು ಹೇಗೆ ಎನ್ನುತ್ತಿದ್ದರು. ಹತ್ತೊಂಬತ್ತು ಜನರಲ್ಲಿ ನನ್ನ ಬರಹವನ್ನು ಕಿವಿಗೊಟ್ಟು ಕೇಳುತ್ತಿದ್ದವರು ಅವರೊಬ್ಬರೇ. ಹೀಗಾಗಿ ನನಗೆ ಅವರ ಮೇಲೆ ವಿಶ್ವಾಸ.

ಎರಡನೆಯ ಹಟ, ಊರಿನಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ. ನೀರಿನ ತೆರಿಗೆಯ ಹಳೆಯ ಕಟ್ಟಡ ಖಾಲಿ ಬಿದ್ದಿತ್ತು. ಅದನ್ನು ಆರೋಗ್ಯ ಕೇಂದ್ರ ಮಾಡಿ, ಬಂದವರಿಗೆಲ್ಲ ಔಷಧಿ, ಬಂದವರಿಗೆಲ್ಲ ಡಾಕ್ಟರು, ಒಬ್ಬರನ್ನೂ ವಾಪಸು ಕಳಿಸಬಾರದು ಎಂದು ಎರಡು ಸಲ ಠರಾವು ತಂದು ಎರಡು ಸಲವೂ ಸೋತಿದ್ದರು. ಮೂರನೇ ಸಲ ತಂದ ದಿನ ಔಷಧಿ ಅಂಗಡಿ ಇಟ್ಟಿದ್ದ ಸದಸ್ಯರೊಬ್ಬರು ಎದ್ದು ನಿಂತರು. ಅವರು ವಿರೋಧಿಸುವುದು ಯಾರಿಗೂ ಹೊಸದಲ್ಲ. ಬಸ್ ನಿಲ್ದಾಣದಲ್ಲಿ ಮಲಗುವವರಿಗೂ ಕೊಡುತ್ತೀರಾ, ಪಕ್ಕದ ಊರಿನಿಂದ ಬಂದು ನಿಂತವರಿಗೂ ಕೊಡುತ್ತೀರಾ, ಒಂದು ಷರತ್ತಾದರೂ ಹಾಕಿ, ಹಾಕಿದರೆ ನಾನೂ ಕೈ ಎತ್ತುತ್ತೇನೆ ಎಂದರು. ನರ್ಸಮ್ಮ ಕೂತಲ್ಲಿಂದಲೇ ಉತ್ತರ ಕೊಟ್ಟರು.

"ನೋವು ತಿಂತಾ ಬಂದೋಳ ಹತ್ರ ನಾನು ಯಾವತ್ತೂ ಮನೆ ನಂಬರು ಕೇಳಿಲ್ಲ. ಎಲ್ಲರಿಗೂ ಅಂದ್ರೆ ಎಲ್ಲರಿಗೂ. ಅದರ ಹಿಂದೆ ಮುಂದೆ ಏನೂ ಬೇಡ."

ಹನ್ನೊಂದು ಕೈ ಪರವಾಗಿ, ಎಂಟು ವಿರುದ್ಧವಾಗಿ ಎದ್ದವು. ನರ್ಸಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಪೆನ್ಸಿಲಿನಿಂದ ಗೀಚಿಕೊಂಡೆ.

ಮರುದಿನ ಶುದ್ಧ ಪ್ರತಿ ಬರೆದೆ. 'ಆರೋಗ್ಯ ಕೇಂದ್ರದಲ್ಲಿ ಅರ್ಹ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡಲು ಸಭೆಯು ನಿರ್ಣಯಿಸಿತು.' ಆ 'ಅರ್ಹ' ಎಲ್ಲಿಂದ ಬಂತು? ಯಾರೂ ಹೇಳಿರಲಿಲ್ಲ, ಯಾರೂ ಬರೆಯಿಸಲಿಲ್ಲ. ಬರೆದ ಗಳಿಗೆ ನನಗೆ ನೆನಪೂ ಇಲ್ಲ, ಆಮೇಲೆ ಊಹಿಸಿ ಹೇಳುತ್ತಿದ್ದೇನೆ. ಇಪ್ಪತ್ತಾರು ವರ್ಷ 'ಅರ್ಹ ವಿಧವೆಯರಿಗೆ', 'ಅರ್ಹ ವಿದ್ಯಾರ್ಥಿಗಳಿಗೆ', 'ಅರ್ಹ ಅರ್ಜಿದಾರರಿಗೆ' ಎಂದು ಬರೆದ ಕೈ ಅದು. ಕೊಡುವ ಮಾತು ಬಂದಲ್ಲೆಲ್ಲ ಆ ಪದ ತಾನಾಗಿ ಬಂದು ಕೂರುತ್ತಿತ್ತು. ಅದಿಲ್ಲದಿದ್ದರೆ ವಾಕ್ಯ ಬೋಳು ಬೋಳಾಗಿ ಕಾಣುತ್ತದೆ. 'ಅರ್ಹ ಎಲ್ಲರಿಗೂ' ಎಂಬುದು ವ್ಯಾಕರಣಕ್ಕೂ ಹೊಂದುವುದಿಲ್ಲ ಎಂದಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಚಹಾ ಕುಡಿದು ಮುಂದಿನ ವಿಷಯಕ್ಕೆ ಹೋದೆ, ಬೀದಿದೀಪದ ವಿಷಯ.

ಮುಂದಿನ ತಿಂಗಳ ಸಭೆಗೆ ನರ್ಸಮ್ಮ ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು, ಮನೆಯಲ್ಲಿ ಮಲಗಿರಿ ಎಂದರೂ ಕೇಳದೆ ಬಂದಿದ್ದರು. ಅಧ್ಯಕ್ಷರು ರೂಢಿಯಂತೆ ಅವರ ಕಡೆ ನೋಡಿ, ಓದಿಸೋಣವೇ ಎಂದು ಕೇಳಿದರು. ಕೆಲವರು ಆಗಲೇ ನಿಟ್ಟುಸಿರು ಬಿಟ್ಟಿದ್ದರು. ನರ್ಸಮ್ಮ ನನ್ನ ಕಡೆ ತಿರುಗಿ ನಕ್ಕರು.

"ಇವತ್ತು ಬೇಡ ಬಿಡಿ. ನಡಾವಳಿಯವ್ರು ಬರೆದಿದ್ದಾರಲ್ಲ, ಓದಿದ ಹಾಗೇನೇ."

ಅಷ್ಟು ವರ್ಷಗಳಲ್ಲಿ ಅವರು ಹಾಗೆ ಹೇಳಿದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು. ಅಧ್ಯಕ್ಷರು ಸಹಿ ಹಾಕಿದರು. ಕಚ್ಚಾ ಹಾಳೆಗಳನ್ನು ಅಂದೇ ಮನೆಗೆ ಒಯ್ದು ಅಕ್ಕನಿಗೆ ಕೊಟ್ಟೆ.

ಆರೋಗ್ಯ ಕೇಂದ್ರದ ಗೋಡೆ ಬರೆದವನು ನಂಬರಣ್ಣ. ಊರಿನ ಮನೆ ನಂಬರುಗಳೆಲ್ಲ ಅವನ ಕುಂಚದವು, ಅದಕ್ಕೇ ಆ ಹೆಸರು. ಕಪ್ಪು ಚೌಕದಲ್ಲಿ ಬಿಳಿ ಅಂಕಿ, ಒಂದು ನೂಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅವನು ಮಾತ್ರ ಹೆಂಡತಿಯ ಜೊತೆ, ಮುಚ್ಚಿಹೋದ ಒಂದು ಮುದ್ರಣಾಲಯದ ಹಿಂದಿನ ಶೆಡ್ಡಿನಲ್ಲಿದ್ದ. ಯಜಮಾನ ತೀರಿಕೊಂಡು ವಾರಸುದಾರರು ಕೋರ್ಟಿನಲ್ಲಿದ್ದರು, ಹೀಗಾಗಿ ಶೆಡ್ಡಿಗೆ ನಂಬರಿರಲಿಲ್ಲ. ನಿನ್ನ ಬಾಗಿಲಿಗೂ ಒಂದು ಬರೆದುಕೊಳ್ಳಯ್ಯ, ಯಾರು ಕೇಳುತ್ತಾರೆ ಎಂದು ನಾನು ಒಮ್ಮೆ ಚೇಷ್ಟೆ ಮಾಡಿದ್ದೆ. ಗೋಡೆ ಮೇಲೆ ಬರೆದರೆ ಮನೆ ಆಗಲ್ಲ ಸಾರ್, ನಿಮ್ಮ ಪುಸ್ತಕದಲ್ಲಿ ಬರಬೇಕು ಎಂದು ಅವನೂ ನಕ್ಕಿದ್ದ.

ನರ್ಸಮ್ಮ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಾಯಲ್ಲೇ ಹೇಳಿ ಬರೆಸಿದರು. ಬಾಗಿಲಿನ ಮೇಲೆ, ಮೊಳದುದ್ದದ ನೀಲಿ ಅಕ್ಷರಗಳಲ್ಲಿ: 'ಇಲ್ಲಿ ಎಲ್ಲರಿಗೂ ಚಿಕಿತ್ಸೆ ಉಚಿತ.' ಕೇಂದ್ರ ತೆರೆದ ಮೊದಲ ದಿನವೇ ನಂಬರಣ್ಣ ಹೆಂಡತಿಯನ್ನು ಕರೆತಂದ. ಅವಳು ದರ್ಜಿಗಳಿಗೆ ಅಂಗಿಯ ಕಾಜಾ ಹಾಕಿಕೊಡುವವಳು, ಎಲ್ಲರೂ ಕಾಜಾದಕ್ಕ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳಿನ ಕೆಳಗೆ ಒಂದು ಗಾಯ, ತಿಂಗಳುಗಟ್ಟಲೆಯಿಂದ ಮಾಯದ್ದು. ಕೇಂದ್ರದಲ್ಲಿ ದಿನ ಬಿಟ್ಟು ದಿನ ತೊಳೆದು ಕಟ್ಟಿದರು, ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಗಾಯ ಕಾಸಿನಗಲಕ್ಕೆ ಇಳಿಯಿತು ಎಂದು ನಂಬರಣ್ಣ ನನ್ನ ಮೇಜಿನ ತನಕ ಬಂದು ಹೇಳಿ ಹೋದ. ಯಾರೂ ನಂಬರು ಕೇಳಿರಲಿಲ್ಲ. ಚೀಟಿ ಕೊಡುವ ಕಿಟಕಿಯ ಹುಡುಗಿ ಗೋಡೆಯನ್ನು ಓದಿಕೊಂಡಿದ್ದಳು, ಪುಸ್ತಕವನ್ನು ಓದಿರಲಿಲ್ಲ.

ಪುಸ್ತಕವನ್ನು ಓದಿದವರು ಹೊಸ ಮುಖ್ಯಾಧಿಕಾರಿ. ವರ್ಗವಾಗಿ ಬಂದ ವಾರದಲ್ಲೇ ಎಲ್ಲ ಕಡತ ತರಿಸಿಕೊಂಡು ಓದಿದರು. ಒಳ್ಳೆಯವರೇ, ಕೆಲಸದಲ್ಲಿ ಶಿಸ್ತು. ನಿರ್ಣಯದಲ್ಲಿ 'ಅರ್ಹ' ಎಂದಿದೆ, ಗೋಡೆಯ ಮೇಲಿಲ್ಲ, ಅರ್ಹರು ಯಾರೆಂದು ನೋಡದೇ ಔಷಧಿ ಹಂಚುತ್ತಿದ್ದೀರಿ, ಲೆಕ್ಕ ತನಿಖೆಯವರು ಬಂದರೆ ನಾನೇನು ಹೇಳಲಿ ಎಂದು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ. ಪುಸ್ತಕದಲ್ಲಿದ್ದ ಮೇಲೆ ಸಭೆ ಹೇಳಿರಲೇಬೇಕು ಎಂದು ನಾನೂ ನಂಬಿದೆ. ನನ್ನ ಬರಹವನ್ನು ನನ್ನಷ್ಟು ನಂಬಿದವರು ಬೇರೆ ಯಾರೂ ಇಲ್ಲ. ಮನೆ ನಂಬರು ಅಥವಾ ಬಾಡಿಗೆ ಕರಾರು ತೋರಿಸಿದವರಿಗೆ ಮಾತ್ರ ಚೀಟಿ ಎಂದು ಆದೇಶ ಹೊರಟಿತು. ಗೋಡೆ ತಿದ್ದಿಸುವ ಕೆಲಸ ನನಗೆ ಬಂತು.

ನಂಬರಣ್ಣ ಏಣಿ ಹತ್ತಿ ನಿಂತಿದ್ದ. ನಾನು ಕೆಳಗಿನಿಂದ ಚೀಟಿ ಕೊಟ್ಟೆ. ಅವನು ಅದನ್ನು ಓದಿದ. ನರ್ಸಮ್ಮ ಈ ಪದ ಹೇಳಿರಲಿಲ್ಲವಲ್ಲ ಸಾರ್ ಎಂದ. ನಿರ್ಣಯದಲ್ಲಿದೆ ಎಂದು ನಾನು ಗತ್ತಿನಿಂದಲೇ ಹೇಳಿದೆ. ಇಲ್ಲಿ ಜಾಗ ಸಾಲದು, ಅರ್ಕಾವತ್ತು ಹಿಡಿಸುವುದಿಲ್ಲ ಎಂದ. ಮೇಲೆ ಸಣ್ಣದಾಗಿ ಸೇರಿಸು ಎಂದೆ. ಆಮೇಲೆ ಅವನು ತಲೆ ತಗ್ಗಿಸಿ ನನ್ನನ್ನು ನೋಡಿ ಕೇಳಿದ.

"ಅರ್ಹ ಅಂದ್ರೆ ಯಾರು ಸಾರ್?"

"ದಾಖಲೆ ಇರೋರು."

ಅವನು 'ಇಲ್ಲಿ' ಮತ್ತು 'ಎಲ್ಲರಿಗೂ' ನಡುವೆ ಒಂದು ಕಾಕಪದ ಹಾಕಿ, ಅದರ ಮೇಲೆ ಚಿಕ್ಕದಾಗಿ, ಅಂದವಾಗಿ 'ಅರ್ಹ' ಎಂದು ಬರೆದ. ಕೆಲಸಕ್ಕೆ ಸಾಟಿಯಿಲ್ಲ ಎಂದು ನಾನು ಮೆಚ್ಚಿಕೊಂಡೆ. ಅವನ ಶೆಡ್ಡಿಗೆ ನಂಬರಿಲ್ಲ ಎಂಬುದು ನನಗೆ ಗೊತ್ತಿತ್ತು, ಅವನ ಹೆಂಡತಿಯ ಕಾಲೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡುವಷ್ಟು ತಲೆ ಮಾತ್ರ ಅಂದು ಓಡಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ ಎಂದು ನನಗೆ ಗೊತ್ತು.

ನರ್ಸಮ್ಮ ಮುಖ್ಯಾಧಿಕಾರಿಯ ಕೋಣೆಗೆ ನುಗ್ಗಿ ಜಗಳವಾಡಿದರಂತೆ. ಅಧಿಕಾರಿ ಪುಸ್ತಕ ತೆರೆದು ತೋರಿಸಿದರಂತೆ. ಈಚೆ ಬಂದಾಗ ನರ್ಸಮ್ಮನ ಮುಖ ಇಳಿದುಹೋಗಿತ್ತು. ನನ್ನ ಮೇಜಿನ ಮುಂದೆ ಒಂದು ನಿಮಿಷ ನಿಂತು ನಡೆದುಬಿಟ್ಟರು. ಆಮೇಲಿನ ಒಂದು ಸಭೆಯಲ್ಲಿ ಅವರು ಬಾಯಿಯನ್ನೇ ಬಿಡಲಿಲ್ಲ. ನಡಾವಳಿ ಓದಿಸಿ ಎಂದೂ ಕೇಳಲಿಲ್ಲ.

ಗೋಡೆ ತಿದ್ದಿಸಿ ಏಳು ವಾರವಾದ ಮೇಲೆ ನಂಬರಣ್ಣ ಕಚೇರಿಗೆ ಬಂದ. ಗಡ್ಡ ಬೆಳೆದಿತ್ತು, ಉಗುರುಗಳಲ್ಲಿ ಬಣ್ಣವಿರಲಿಲ್ಲ. ಕಿಟಕಿಯಲ್ಲಿ ಚೀಟಿ ಕೊಡಲಿಲ್ಲ ಎಂಬುದನ್ನು ಕಾಜಾದಕ್ಕ ಅವನಿಗೆ ಹೇಳಿಯೇ ಇರಲಿಲ್ಲ. ಹಳಬಳೆಂದು ತನಗೆ ಕೊಡುತ್ತಾರೆ ಎಂದು ಅವನನ್ನು ನಂಬಿಸಿ, ದಿನ ಬಿಟ್ಟು ದಿನ ಕೇಂದ್ರಕ್ಕೆ ಎಂದು ಹೊರಟು, ಬೀದಿ ಕೊನೆಯ ದರ್ಜಿ ಅಂಗಡಿಯಲ್ಲಿ ಕೂತು ಕಾಜಾ ಹಾಕಿ, ಮನೆಗೆ ಬಂದು ತಾನೇ ಬಟ್ಟೆ ಸುತ್ತಿಕೊಳ್ಳುತ್ತಿದ್ದಳು. ಆ ಪದವನ್ನು ಬರೆದ ಕೈ ಗಂಡನದು, ಅವನಿಗೆ ನೋವಾಗುತ್ತದೆ ಎಂದು ಮುಚ್ಚಿಟ್ಟಿದ್ದಳು. ಜ್ವರ ಬಂದು ಮೈಮೇಲಿನ ಎಚ್ಚರ ತಪ್ಪಿದಾಗಲೇ ಅವನಿಗೆ ತಿಳಿದದ್ದು. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಎತ್ತಿಕೊಂಡು ಹೋದ. ಅಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಇನ್ನು ಹತ್ತು ದಿನಕ್ಕೆ ಮನೆಗೆ ಕಳಿಸುತ್ತಾರಂತೆ. ಬಲಪಾದದಲ್ಲೂ ಒಂದು ಬಿರುಕು ಬಂದಿದೆ, ಮನೆ ಹತ್ತಿರವೇ ದಿನಾ ತೊಳೆದು ಕಟ್ಟಿಸಬೇಕು, ಇಲ್ಲದಿದ್ದರೆ ಅದೂ ಹೋಗುತ್ತದೆ ಎಂದಿದ್ದರಂತೆ.

ಇಷ್ಟನ್ನೂ ಅವನು ಅಂಕಿ ಬರೆಯುವಂತೆ, ನಿಧಾನವಾಗಿ, ಆಚೀಚೆ ಆಗದ ಹಾಗೆ ಹೇಳಿದ. ನಾನು ಏನಾದರೂ ಕಾಗದ ಮಾಡಿಸಿಕೊಡಬೇಕೇ ಎಂದು ಕೇಳಿದೆ. ವಾರಸುದಾರರಲ್ಲಿ ಒಬ್ಬರೂ ಸಹಿ ಹಾಕುವುದಿಲ್ಲ, ಎಲ್ಲರ ಕಾಲಿಗೂ ಬಿದ್ದಾಗಿದೆ ಎಂದ. ಅವನಿಗೆ ಬೇಕಿದ್ದದ್ದು ಬೇರೆ.

"ಆ ಪದ ಹೇಳಿದ್ದು ಯಾವ ಮೆಂಬರು ಅಂತ ನೋಡಿ ಹೇಳ್ತೀರಾ ಸಾರ್? ಅವರ ಹತ್ರ ಹೋಗಿ ಕೇಳ್ಕೊತೀನಿ. ಅವರೇ ಹೇಳಿದ್ದು, ಅವರೇ ತೆಗೀಬಹುದು."

ಪುಸ್ತಕ ತೆರೆದೆ. ಚರ್ಚೆಯ ಸಾಲುಗಳನ್ನು ಬೆರಳಿಟ್ಟು ಓದಿದೆ. ಔಷಧಿ ಅಂಗಡಿಯವರ ವಿರೋಧವಿತ್ತು, ನರ್ಸಮ್ಮನ ಉತ್ತರವಿತ್ತು. 'ಅರ್ಹ' ಎಂದವರು ಯಾರೂ ಇರಲಿಲ್ಲ. ನಿರ್ಣಯದಲ್ಲಿ ಮಾತ್ರ ಅದು ಇತ್ತು, ನನ್ನ ಗುಂಡಗಿನ ಅಕ್ಷರದಲ್ಲಿ. ನೋಡಿ ಹೇಳುತ್ತೇನೆ ಎಂದು ಅವನನ್ನು ಕಳಿಸಿ, ಅರ್ಧ ದಿನ ರಜೆ ಬರೆದಿಟ್ಟು ಮನೆಗೆ ಬಂದೆ.

ಅಕ್ಕ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದಳು. ನಾನು ಚಪ್ಪಲಿಯಲ್ಲೇ ಅಡುಗೆಮನೆಗೆ ನುಗ್ಗಿ ಕಪಾಟಿನ ಡಬ್ಬಗಳನ್ನು ಒಂದೊಂದಾಗಿ ಇಳಿಸತೊಡಗಿದೆ. ಮೊದಲು ಬೈದಳು, ಆಮೇಲೆ ನನ್ನ ಮುಖ ನೋಡಿ ತಾನೂ ಕೈ ಒರೆಸಿಕೊಂಡು ಡಬ್ಬ ಇಳಿಸಿದಳು. ಮೂರನೇ ಹಲಗೆಯಲ್ಲಿ, ಉಪ್ಪಿನ ಡಬ್ಬದ ಕೆಳಗೆ ಆ ಹಾಳೆ ಸಿಕ್ಕಿತು. ಡಬ್ಬದ ತಳದ ಬಳೆಯಂಥ ಗುರುತು ಬಿದ್ದು ಹಾಳೆ ಹಳದಿಯಾಗಿತ್ತು. ಪೆನ್ಸಿಲ್ ಮಾತ್ರ ಮಾಸಿರಲಿಲ್ಲ. 'ಎಲ್ಲರಿಗೂ ಅಂದ್ರೆ ಎಲ್ಲರಿಗೂ. ಹಿಂದೆ ಮುಂದೆ ಏನೂ ಬೇಡ. 11–8.'

ಅಕ್ಕನಿಗೆ ಎಲ್ಲ ಹೇಳಿದೆ. ಹೇಳುವಾಗ ಅತ್ತೆ. ಐವತ್ತೇಳು ವರ್ಷದವನು ಉಪ್ಪಿನ ಡಬ್ಬ ಹಿಡಿದುಕೊಂಡು ಅತ್ತೆ ಎಂದು ಬರೆಯಲು ನನಗೇನೂ ನಾಚಿಕೆಯಿಲ್ಲ. ಅವಳು ಕಣ್ಣಿನ ಹತ್ತಿರ ಹಿಡಿದು ಹಾಳೆಯನ್ನು ಎರಡು ಸಲ ಓದಿದಳು. ಅರ್ಕಾವತ್ತನ್ನು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ ಎಂದು ಕೈ ಹಿಡಿದು ಕಲಿಸಿದವಳು ಅವಳು.

"ತಪ್ಪು ಬರೆದಿದ್ದೀಯ. ತಿದ್ದು," ಎಂದಳು.

ಅಲ್ಲಿಂದ ನೇರ ನರ್ಸಮ್ಮನ ಮನೆಗೆ ಹೋದೆ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ನನ್ನನ್ನು ಉಗಿಯುತ್ತಾರೆ ಎಂದು ನಿಂತೇ ಇದ್ದೆ. ಅವರು ಕುರ್ಚಿಯಲ್ಲಿ ಕುಸಿದು ಕೂತು, ಹಾಳೆಯನ್ನು ಎದೆಗೆ ಒತ್ತಿಕೊಂಡರು.

"ನನಗೇ ಮರೆವು ಹಿಡೀತು ಅಂದ್ಕೊಂಡಿದ್ದೆ. ಗೆಲ್ಲೋ ಆಸೆಗೆ ನಾನೇ ಎಲ್ಲೋ ಒಪ್ಕೊಂಡ್ಬಿಟ್ನೇನೋ ಅಂತ. ಎರಡು ತಿಂಗಳಿಂದ ನನ್ನ ಬಾಯಿನ ನಾನೇ ನಂಬ್ತಿಲ್ಲ."

ಅವರೇ ಎದ್ದು ನನಗೆ ನೀರು ತಂದುಕೊಟ್ಟರು.

ತಿದ್ದುವುದು ಅಷ್ಟು ಸುಲಭವಿರಲಿಲ್ಲ. ನಾನು ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಮುಖ್ಯಾಧಿಕಾರಿ ಓದಿ ಮಡಿಸಿ ಮೇಜಿನ ಖಾನೆಗೆ ಹಾಕಿದರು. ಸಹಿಯಾದ ನಡಾವಳಿಯನ್ನು ತಿದ್ದಲು ಸಭೆಯೇ ಒಪ್ಪಬೇಕು, ಅಧ್ಯಕ್ಷರಿಗೆ ಅದು ಬೇಕಿಲ್ಲ, ಆ ಪದ ಬಂದ ಮೇಲೆ ಔಷಧಿ ಸಾಕಾಗುತ್ತಿದೆ ಎಂದು ಅವರು ನೆಮ್ಮದಿಯಾಗಿದ್ದಾರೆ ಎಂದರು. ಆಮೇಲೆ ಬಾಗಿಲು ಮುಚ್ಚಿ, ನಿವೃತ್ತಿಗೆ ಮೂರು ವರ್ಷವಿದೆ, ಸಭೆ ಹೇಳದ ಪದ ಸೇರಿಸಿದ್ದು ಒಂದು ತಪ್ಪು, ಕಚ್ಚಾ ಹಾಳೆ ಮನೆಗೊಯ್ದದ್ದು ಇನ್ನೊಂದು, ಯೋಚನೆ ಮಾಡಿ ಎಂದು ಹಿತವಾಗಿಯೇ ಹೇಳಿದರು. ಯೋಚನೆ ಮಾಡಿದೆ. ಭಯವೂ ಆಯಿತು. ಆದರೆ ಕಾಜಾದಕ್ಕ ಊರಿಗೆ ಬರಲು ಆರು ದಿನ ಉಳಿದಿತ್ತು, ಸಭೆಗೆ ನಾಲ್ಕು ದಿನ. ಈ ಸಭೆ ತಪ್ಪಿದರೆ ಮುಂದಿನದು ಇನ್ನೊಂದು ತಿಂಗಳಿಗೆ. ಬಲಗಾಲು ಅಷ್ಟು ದಿನ ಕಾಯುವುದಿಲ್ಲ.

ಸಭೆ ಸೇರಿತು. ಹಿಂದಿನ ನಡಾವಳಿ ಓದಿದ್ದೆಂದು ಭಾವಿಸೋಣವೇ ಎಂದು ಅಧ್ಯಕ್ಷರು ಕೇಳಿ ಮುಗಿಸುವ ಮೊದಲೇ ನರ್ಸಮ್ಮ, ಇಲ್ಲ, ಓದಲಿ ಎಂದರು. ನಾನು ಎದ್ದು ಓದಿದೆ, ಕೊನೆಯ ಸಾಲಿನ ತನಕ. ಆಮೇಲೆ ಪುಸ್ತಕ ಮುಚ್ಚಿ, ಕೂರದೆ ನಿಂತೇ ಇದ್ದೆ. ಮೇಜಿನ ಅಂಚು ಹಿಡಿದುಕೊಂಡೆ.

"ಆರೋಗ್ಯ ಕೇಂದ್ರದ ನಿರ್ಣಯದಲ್ಲಿ 'ಅರ್ಹ' ಅನ್ನೋ ಪದ ಇದೆ. ಅದನ್ನ ಸಭೆ ಹೇಳಿಲ್ಲ. ನಾನು ಸೇರಿಸಿದೆ."

ಗುಮಾಸ್ತ ಮಾತಾಡುವಂತಿಲ್ಲ ಎಂದು ಅಧ್ಯಕ್ಷರು ಗಂಟೆ ಬಾರಿಸಿದರು. ಸಹಿಯಾದ ಪುಸ್ತಕ ಸರಿಯೋ, ಅಡುಗೆಮನೆಯ ಹಾಳೆ ಸರಿಯೋ ಎಂದು ಯಾರೋ ಕೇಳಿ ನಗೆಯೆಬ್ಬಿಸಿದರು. ಸಭೆಯ ಉದ್ದೇಶ ಅದೇ ಇತ್ತು, ಪದ ಇರಲಿ ಬಿಡಿ ಎಂದು ನಾಲ್ಕೈದು ಜನ ಒಟ್ಟಿಗೆ ಕೂಗಿದರು. ಆಗ ಎದ್ದು ನಿಂತವರು ಔಷಧಿ ಅಂಗಡಿಯವರು. ಮುಗಿಯಿತು ಎಂದುಕೊಂಡೆ. ಅವರು ಪುಸ್ತಕ ತರಿಸಿಕೊಂಡು, ಕನ್ನಡಕ ಏರಿಸಿ, ತಮ್ಮದೇ ಭಾಷಣವನ್ನು ಹುಡುಕಿ ತಾವೇ ಗಟ್ಟಿಯಾಗಿ ಓದಿದರು. 'ಯಾವುದೇ ಷರತ್ತು ಇಲ್ಲದಿರುವುದನ್ನು ಮಾನ್ಯ ಸದಸ್ಯರು ತೀವ್ರವಾಗಿ ಆಕ್ಷೇಪಿಸಿದರು.'

"ಇದು ನಾನು ಆಡಿದ ಮಾತು, ಸರಿಯಾಗೇ ಬರೆದಿದ್ದಾರೆ. ಆ ಪದ ಅವತ್ತೇ ಇದ್ದಿದ್ರೆ ನಾನು ಯಾಕೆ ಎದ್ದು ಕೂಗಾಡ್ತಿದ್ದೆ? ನನಗೇನು ತಲೆ ಕೆಟ್ಟಿತ್ತಾ? ಆ ಪದ ಇರಲಿಲ್ಲ ಅಂತಾನೇ ನಾನು ಸೋತಿದ್ದು. ಸೋತಿದ್ದನ್ನ ಸೋತ ಹಾಗೇ ಬರೀರಿ."

ಅವರಿಗೆ ಬಡವರ ಚಿಂತೆ ಇತ್ತೋ, ತಮ್ಮ ಭಾಷಣ ಅರ್ಥವಿಲ್ಲದ್ದಾಗುತ್ತದೆ ಎಂಬ ಚಿಂತೆ ಇತ್ತೋ, ನಾನು ಕೇಳಲು ಹೋಗಲಿಲ್ಲ. ಹದಿಮೂರು ಕೈ ಎದ್ದವು. ಒಂದು ಪದಕ್ಕೆ ಅಡ್ಡಗೆರೆ ಎಳೆದು ಅಧ್ಯಕ್ಷರು ಪಕ್ಕದಲ್ಲಿ ಸಹಿ ಹಾಕಿದರು. ಅಂದಿನ ನಡಾವಳಿಯಲ್ಲಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ 'ನಡಾವಳಿ ಗುಮಾಸ್ತನು ಹೇಳಿದ್ದೇನೆಂದರೆ' ಎಂದು ಬರೆದೆ. ಅದನ್ನು ನಯಗೊಳಿಸಲು ಕೈ ಹೋಗಲಿಲ್ಲ. ಶುದ್ಧ ಪ್ರತಿ ಮುಗಿಸಿ ಒಪ್ಪಿಸಿದ ಮೇಲೆ ಅಮಾನತಿನ ಪತ್ರ ಕೈಗೆ ಬಂತು. ಮುಖ್ಯಾಧಿಕಾರಿಯೇ ಎದ್ದು ಬಂದು ಕೊಟ್ಟರು.

ಗೋಡೆಯ ಮೇಲಿನ ಪದವನ್ನು ನಂಬರಣ್ಣ ಕೆರೆದು ತೆಗೆದ. ನಾನು ಏಣಿ ಹಿಡಿದಿದ್ದೆ. ಆ ಪದ ಬರೆದದ್ದು ನಾನೇ ಎಂದು ಅವನಿಗೆ ಸಭೆಯ ದಿನವೇ ಗೊತ್ತಾಗಿತ್ತು. ಆದರೂ ಏಣಿ ಬಿಟ್ಟು ಹೋಗಿ ಎಂದು ಅವನು ಹೇಳಲಿಲ್ಲ. ಇಳಿದ ಮೇಲೆ, ಅವಳು ನಾಳೆ ಬರುತ್ತಾಳೆ, ಅವಳಿಗೆ ನೀವೇ ಹೇಳಿ ಎಂದ.

ಮೂರನೇ ದಿನ ಆರೋಗ್ಯ ಕೇಂದ್ರಕ್ಕೆ ಹೋದೆ. ಕಾಜಾದಕ್ಕ ಗಾಯ ಕಟ್ಟಿಸಿಕೊಂಡು ಪಡಸಾಲೆಯ ಬೆಂಚಿನ ಮೇಲೆ ಗಂಡನಿಗಾಗಿ ಕಾಯುತ್ತಿದ್ದಳು. ಸೀರೆಯ ನಿರಿಗೆ ಎಡಗಡೆ ಚಪ್ಪಟೆಯಾಗಿ ಬೆಂಚಿನ ಅಂಚಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಎರಡು ಊರುಗೋಲು. ನನಗೆ ಕೂರಲು ಜಾಗ ಮಾಡಿಕೊಟ್ಟಳು. ನಿಂತೇ ಹೇಳಿದೆ, ಆ ಪದ ನನ್ನದು, ಯಾರೂ ಹೇಳಿರಲಿಲ್ಲ ಎಂದು.

"ಯಾಕಣ್ಣಾ ಬರೆದ್ರಿ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದೇ ಉತ್ತರ ಇದ್ದದ್ದು.

"ಅಭ್ಯಾಸ."

ಅವಳು ಅದನ್ನು ಬಾಯೊಳಗೇ ಒಮ್ಮೆ ಹೇಳಿಕೊಂಡಳು. ಅಂಗಳದಲ್ಲಿ ಯಾರದೋ ಮಗು ಕೆಮ್ಮುತ್ತಿತ್ತು. ಕಿಟಕಿಯ ಹುಡುಗಿ ಮುಂದಿನ ಚೀಟಿ ಕೂಗಿದಳು.

"ನಮ್ಮಂಥೋರು ಬೇಡ ಅಂತ ಯಾರೋ ದೊಡ್ಡೋರು ಕೂತು ಯೋಚ್ನೆ ಮಾಡಿ ಬರೆದಿರ್ತಾರೆ ಅಂದ್ಕೊಂಡಿದ್ದೆ," ಎಂದಳು. "ಯೋಚ್ನೇನೇ ಮಾಡಿರಲಿಲ್ವಾ?"

ಇಲ್ಲ ಎಂದೆ. ಅವಳು ತಲೆಯಾಡಿಸಿ, ತನ್ನ ಕೈಬೆರಳುಗಳನ್ನು ನೋಡಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ತುದಿ ಗಟ್ಟಿಯಾದ ಬೆರಳುಗಳು. ಕ್ಷಮೆ ಕೇಳಬೇಕು ಎನಿಸಿತು. ಅದನ್ನು ಕೇಳಿದರೆ ಇನ್ನೊಂದು ಭಾರ ಅವಳ ಮೇಲೆಯೇ ಬೀಳುತ್ತದೆ ಎಂದು ಕೇಳಲಿಲ್ಲ. ಆಮೇಲೆ ಅವಳು ಸೊಂಟದಿಂದ ಮಡಿಸಿದ ಚೀಟಿ ತೆಗೆದು ನನ್ನ ಕಡೆ ಚಾಚಿದಳು. ಡಾಕ್ಟರು ಏನೋ ಬರೆದಿದ್ದಾರೆ, ನನಗೆ ಓದು ಬರುವುದಿಲ್ಲ, ಇವರು ಬರುವುದು ಇನ್ನೂ ಹೊತ್ತಾಗುತ್ತದೆ ಎಂದಳು.

ಮೇಲಿನ ಸಾಲುಗಳನ್ನು ಬಿಟ್ಟು, ಔಷಧಿ ಎಲ್ಲಿದೆ ಎಂದು ಕಣ್ಣು ಓಡಿಸಿದೆ. ದಿನಕ್ಕೆ ಎರಡು ಮಾತ್ರೆ, ನಾಳೆ ಮತ್ತೆ ಬರಬೇಕು ಎಂದು ಹೇಳಿದೆ.

"ಹಾಗಲ್ಲ," ಎಂದಳು. "ಪೂರ್ತಿ ಓದಿ."

ಬೆಂಚಿನ ಮೇಲೆ ಅವಳ ಪಕ್ಕ ಕೂತು ಮೊದಲ ಸಾಲಿನಿಂದ ಓದಿದೆ. ಅವಳ ಹೆಸರು ಓದಿದೆ. ವಯಸ್ಸು ನಲವತ್ತೊಂದು. ಮನೆ ನಂಬರು ಎಂಬಲ್ಲಿ ಖಾಲಿ ಬಿಟ್ಟಿದ್ದರು, ಖಾಲಿ ಎಂದು ಓದಿದೆ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಬಲಪಾದದ ಗಾಯ ಒಣಗುತ್ತಿದೆ, ದಿನವೂ ಕಟ್ಟಬೇಕು. ತಾರೀಕು ಓದಿದೆ, ಕೊನೆಯಲ್ಲಿ ಡಾಕ್ಟರ ಸಹಿ ಇದೆ ಎಂದೂ ಹೇಳಿದೆ. ಅವಳು ಕೊನೆಯ ತನಕ ಕೇಳಿ, ಚೀಟಿಯನ್ನು ಇಸಿದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.